ಬೆನ್ನಿನ ನೀರಿನ ಒಂದು ಹನಿ

ಕೇಳುಗರಿಗೆ ನಮಸ್ಕಾರ. ಸ್ಕ್ಯಾನ್, ಪಿಸಿಆರ್ ಇಲ್ಲದ ಆಸ್ಪತ್ರೆಯಲ್ಲೂ ಸಾಮಾನ್ಯವಾಗಿ ಒಂದು ಮೈಕ್ರೋಸ್ಕೋಪು ಇರುತ್ತದೆ. ಮಿದುಳಿಗೆ ಹೊಕ್ಕ ಕೆಲವು ಪರೋಪಜೀವಿಗಳನ್ನು ಅದರಲ್ಲೇ ಹಿಡಿಯಬಹುದು. ಆದರೆ ಬೆನ್ನಿನಿಂದ ತೆಗೆದ ನೀರು, ಅಂದರೆ ಮಿದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವ, ತಾಜಾ ಇರಬೇಕು.

ಜ್ವರ ಬಂದು ಪ್ರಜ್ಞೆ ತಪ್ಪಿದವರಿಗೆ ಮೊದಲು ರಕ್ತದ ಸಕ್ಕರೆ ನೋಡಿ, ಮಲೇರಿಯಾಕ್ಕೆ ಸ್ಲೈಡ್ ಮೇಲೆ ರಕ್ತದ ದಪ್ಪ ಮತ್ತು ತೆಳು ಲೇಪ ಮಾಡಿ. ಒಮ್ಮೆ ಏನೂ ಕಾಣದಿದ್ದರೆ ಮಲೇರಿಯಾ ಇಲ್ಲವೆಂದಲ್ಲ. 12 ಗಂಟೆ ಬಿಟ್ಟು ಮತ್ತೆ ನೋಡಬೇಕು. ಮೈಯ ಒಂದು ಪಕ್ಕ ಬಿದ್ದಿದ್ದರೆ, ಕಣ್ಣಿನ ಪಾಪೆಗಳಲ್ಲಿ ಒಂದು ದೊಡ್ಡದು ಒಂದು ಚಿಕ್ಕದಾಗಿದ್ದರೆ ಬೆನ್ನಿಗೆ ಸೂಜಿ ಹಾಕಬೇಡಿ. ಮಿದುಳು ಕೆಳಕ್ಕೆ ಜಾರಿ ಉಸಿರೇ ನಿಲ್ಲಬಹುದು. ಜ್ವರವಿಲ್ಲದೆ ಫಿಟ್ಸ್ ಬಂದು, ಮಿದುಳಿನಲ್ಲಿ ಲಾಡಿಹುಳುವಿನ ಚೀಲದ ಅನುಮಾನವಿದ್ದರೆ ಸ್ಕ್ಯಾನ್ ಇರುವ ಕಡೆಗೇ ಕಳಿಸಿ. ಅವರಲ್ಲಿ ಈ ನೀರು ಸರಿಯಾಗಿಯೇ ಕಾಣಬಹುದು.

ಹೆಚ್ಚು ಕಣ್ತಪ್ಪಿ ಹೋಗುವುದು ನೇಗ್ಲೇರಿಯಾ ಅಮೀಬಾ, ಮೂಗಿಗೆ ಹೋದ ನೀರಿನಿಂದ ಮಿದುಳು ಹೊಗುವ ಒಂದೇ ಕಣದ ಜೀವಿ. ನೀರು ಮಬ್ಬಾಗಿದೆ, ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ತುಂಬಿವೆ, ಸಕ್ಕರೆ ಇಳಿದಿದೆ, ಬ್ಯಾಕ್ಟೀರಿಯಾಕ್ಕೆ ಬಣ್ಣ ಹಾಕಿ ನೋಡುವ ಗ್ರಾಂ ಸ್ಟೇನ್‌ನಲ್ಲಿ ಮಾತ್ರ ಬ್ಯಾಕ್ಟೀರಿಯಾ ಇಲ್ಲ. ಅಲ್ಲಿಗೆ ನಿಲ್ಲಿಸಬೇಡಿ. ಆ ಸ್ಟೇನ್‌ಗಾಗಿ ಸ್ಲೈಡ್ ಕಾಯಿಸಿದಾಗ ಅಮೀಬಾ ರೂಪಗೆಟ್ಟು ಹೋಗುತ್ತದೆ. ಫ್ರಿಜ್‌ನಲ್ಲಿಟ್ಟರೆ ಅದರ ಚಲನೆ ನಿಲ್ಲುತ್ತದೆ. ನಿಂತ ಅಮೀಬಾ ನೋಡಲು ಥೇಟ್ ಬಿಳಿ ರಕ್ತಕಣ!

ನೀರಿನ ಕೊಳವೆಯನ್ನು ಕೋಣೆಯ ಬಿಸುಪಿನಲ್ಲೇ ಇಡಿ. ಅಮೀಬಾ ಗಾಜಿಗೆ ಅಂಟುತ್ತದೆ, ಹಾಗಾಗಿ ಮೆಲ್ಲಗೆ ಅಲುಗಿಸಿ. ಒಂದು ಹನಿ ಸ್ಲೈಡ್ ಮೇಲೆ, ಮೇಲೊಂದು ಕವರ್ ಸ್ಲಿಪ್. ಸ್ಲೈಡಿನ ಕೆಳಗೆ ಬೆಳಕು ಕೂಡಿಸುವ ಕಂಡೆನ್ಸರ್ ಇಳಿಸಿ, ಬೆಳಕು ತಗ್ಗಿಸಿ, 40ರ ಲೆನ್ಸ್ ಹಾಕಿ. ಸ್ಲೈಡನ್ನು ಸರಸರ ಓಡಿಸದೆ ಒಂದೇ ಜಾಗವನ್ನು ಸ್ವಲ್ಪ ಹೊತ್ತು ನೋಡುತ್ತಿರಿ. ಬಿಳಿಕಣ ಇದ್ದಲ್ಲೇ ಇದ್ದಂತೆ ತೋರುತ್ತದೆ. ಅಮೀಬಾ ಮೊಂಡಾದ, ತಿಳಿಯಾದ ಉಬ್ಬೊಂದನ್ನು ಮುಂದೆ ಚಾಚುತ್ತದೆ, ಉಳಿದ ಮೈ ಅದರ ಹಿಂದೆ ಹರಿದು ಬರುತ್ತದೆ. ಚಲನೆ ಮಂದವೆನಿಸಿದರೆ ಸ್ಲೈಡನ್ನು 37 ಡಿಗ್ರಿಗೆ ಬೆಚ್ಚಗೆ ಮಾಡಿ. ಕಾಣದಿದ್ದರೂ ಅನುಮಾನ ಬಿಡಬೇಡಿ: ಕಾಯಿಲೆ ಶುರುವಾಗುವ ಮುಂಚಿನ 12 ದಿನಗಳಲ್ಲಿ ಈಜುವಾಗಲೋ ಮುಳುಗಿದಾಗಲೋ ಮೂಗಿಗೆ ನೀರು ಹೋಗಿತ್ತೇ ಎಂದು ಮನೆಯವರನ್ನು ಕೇಳಿ. ಈ ಹುಡುಕಾಟಕ್ಕಾಗಿ ಬ್ಯಾಕ್ಟೀರಿಯಾಕ್ಕೆ ಕೊಡುವ ಔಷಧ ತಡವಾಗಬಾರದು.

ಇನ್ನೊಂದು ಹನಿಯನ್ನು ಒಣಗಿಸಿ ಜೀಮ್ಸಾ ಬಣ್ಣ ಹಾಕಿ. ಕಣ ಎಣಿಸುವ ಗಾಜಿನ ಚೌಕದಲ್ಲಿ ಒಂದು ಬಗೆಯ ಬಿಳಿಕಣಗಳಾದ ಇಯೊಸಿನೊಫಿಲ್‌ಗಳು ಉಳಿದ ಬಿಳಿಕಣಗಳ ಜೊತೆ ಬೆರೆತು ಹೋಗುತ್ತವೆ. ಬಣ್ಣದಲ್ಲಿ ಅವುಗಳ ಕೆಂಪು ಕಾಳುಗಳು ಎದ್ದು ಕಾಣುತ್ತವೆ. ಬಿಳಿಕಣಗಳಲ್ಲಿ ಅವು ಶೇಕಡ 10 ದಾಟಿದರೆ ಹುಳುವಿನ ಸೋಂಕನ್ನು ಯೋಚಿಸಲೇಬೇಕು.

ವೈದ್ಯರೇ, ಸೂಜಿ ಹಾಕುವ ಮೊದಲೇ ಲ್ಯಾಬಿಗೆ ಫೋನ್ ಮಾಡಿ, ಮೈಕ್ರೋಸ್ಕೋಪಿನ ಮುಂದೆ ಒಬ್ಬರು ಕೂತಿರಲಿ.