ಜಾಝ್ ಬಾನುಲಿ: ಪರವಾನಗಿ ಯಾರ ಹೆಸರಿನಲ್ಲಿದೆ?

ಕೇಳುಗರೇ, ನಮಸ್ಕಾರ.

ಅಮೆರಿಕದಲ್ಲಿ ಎಫ್.ಎಂ. ರೇಡಿಯೊದ ಮುಳ್ಳನ್ನು ಎಡತುದಿಗೆ ತಿರುಗಿಸಿದರೆ, 88ರಿಂದ 92 ಮೆಗಾಹರ್ಟ್ಸ್‌ವರೆಗಿನ ಜಾಗ ವಾಣಿಜ್ಯೇತರ ಕೇಂದ್ರಗಳಿಗೇ ಮೀಸಲು. ಸಾರ್ವಜನಿಕ ಜಾಝ್ ಬಾನುಲಿ ಬೇರೂರಿರುವುದು ಇಲ್ಲಿ. ನ್ಯೂವಾರ್ಕಿನ ಡಬ್ಲ್ಯೂಬಿಜಿಒ 88.3ರಲ್ಲಿ, ಡೆನ್ವರಿನ ಕೆಯುವಿಒ 89.3ರಲ್ಲಿ, ನ್ಯೂ ಆರ್ಲಿಯನ್ಸಿನ ಡಬ್ಲ್ಯೂಡಬ್ಲ್ಯೂಒಝಡ್ 90.7ರಲ್ಲಿ ಸಿಗುತ್ತವೆ. ಕೇಳುವವರಿಲ್ಲದೆ ಇಂಥ ಕೇಂದ್ರಗಳು ಸೊರಗುತ್ತಿವೆ ಎನ್ನುವುದು ರೂಢಿಯ ಮಾತು. ಅದು ಅರ್ಧ ಸತ್ಯ. ಕೇಳುಗರಿದ್ದೂ ಕೈತಪ್ಪಿದ ಕೇಂದ್ರಗಳಿವೆ. ಮೊದಲು ನೋಡಬೇಕಾದದ್ದು ಪರವಾನಗಿ ಯಾರ ಹೆಸರಿನಲ್ಲಿದೆ ಎಂಬುದನ್ನು.

ರಾಜಧಾನಿ ವಾಷಿಂಗ್ಟನ್ನಿನಲ್ಲಿ 90.1ರಲ್ಲಿ ಡಬ್ಲ್ಯೂಡಿಸಿಯು ಎಂಬ ಜಾಝ್ ಕೇಂದ್ರವಿತ್ತು. ಪರವಾನಗಿ ಅಲ್ಲಿನ ವಿಶ್ವವಿದ್ಯಾಲಯದ್ದು. ವಿಶ್ವವಿದ್ಯಾಲಯಕ್ಕೆ ಹಣದ ಮುಗ್ಗಟ್ಟು ಬಂದಾಗ, 1997ರಲ್ಲಿ, ಕೇಂದ್ರವನ್ನು 1.3 ಕೋಟಿ ಡಾಲರಿಗೆ, ಸಂಸತ್ತಿನ ಕಲಾಪ ಬಿತ್ತರಿಸುವ ಸಿ-ಸ್ಪ್ಯಾನ್ ಸಂಸ್ಥೆಗೆ ಮಾರಿತು. ಸ್ಯಾಕ್ಸೊಫೋನ್ ನುಡಿಯುತ್ತಿದ್ದ ಜಾಗದಲ್ಲಿ ಸಂಸದರ ಚರ್ಚೆ ಶುರುವಾಯಿತು. ಕೇಳುಗರು ವರ್ಷಗಟ್ಟಲೆ ದೇಣಿಗೆ ಕೊಟ್ಟಿದ್ದರು ನಿಜ, ಆದರೆ ದೇಣಿಗೆಯಿಂದ ಒಡೆತನ ಬರುವುದಿಲ್ಲ.

ಟಕೋಮಾದ ಕೆಪಿಎಲ್‌ಯು ಕೇಂದ್ರಕ್ಕೂ 2015ರ ನವೆಂಬರಿನಲ್ಲಿ ಇದೇ ಗತಿ ಬಂದಿತ್ತು. ಜಾಝ್ ಮತ್ತು ಸುದ್ದಿ ಎರಡನ್ನೂ ನಡೆಸುತ್ತಿದ್ದ ಕೇಂದ್ರ ಅದು. ಪೆಸಿಫಿಕ್ ಲೂಥೆರನ್ ವಿಶ್ವವಿದ್ಯಾಲಯ ಅದನ್ನು ಇನ್ನೊಂದು ವಿಶ್ವವಿದ್ಯಾಲಯಕ್ಕೆ 80 ಲಕ್ಷ ಡಾಲರಿಗೆ ಮಾರಲು ಹೊರಟಿತು. 70 ಲಕ್ಷ ನಗದು, ಮಿಕ್ಕದ್ದು ಮಾರುವವರ ಪರವಾಗಿ ಪ್ರಸಾರವಾಗುವ ಪ್ರಾಯೋಜಕ ಘೋಷಣೆಗಳ ರೂಪದಲ್ಲಿ. ಕೇಳುಗರು ಗಲಾಟೆ ಮಾಡಿದ್ದರಿಂದ ಗಡುವು ಸಿಕ್ಕಿತು: 2016ರ ಜೂನ್ 30ರೊಳಗೆ 70 ಲಕ್ಷ ಡಾಲರ್ ಕೂಡಿಸಿದರೆ ಕೇಂದ್ರ ನಿಮ್ಮದು. ಮೇ ತಿಂಗಳಲ್ಲೇ ಹಣ ಕೂಡಿತು. ಹಳೆಯ ಕರೆಹೆಸರಿನಲ್ಲಿ ವಿಶ್ವವಿದ್ಯಾಲಯದ ಹೆಸರೇ ಅಡಗಿದ್ದರಿಂದ ಅದನ್ನು ಬಿಟ್ಟು, ಆಗಸ್ಟ್ ಕೊನೆಗೆ ಕೆಎನ್‌ಕೆಎಕ್ಸ್ ಆದರು. ಗಮನಿಸಿ, ಈ 70 ಲಕ್ಷವೆಲ್ಲ ಬರಿಯ ಖರೀದಿಗೆ. ಮರುದಿನದಿಂದ ಸಂಬಳ, ಬಾಡಿಗೆ, ಪ್ರಸಾರ ಗೋಪುರದ ಖರ್ಚು ಬೇರೆ.

ಆ ಖರ್ಚಿಗೆ ಜಾಹೀರಾತು ಹಾಕಬಹುದಲ್ಲ? ವಾಣಿಜ್ಯೇತರ ಕೇಂದ್ರ ಹಾಕುವಂತಿಲ್ಲ. ಪ್ರಾಯೋಜಕರ ಹೆಸರು, ವಿಳಾಸ, ಏನು ಮಾರುತ್ತಾರೆ ಎಂಬುದನ್ನು ಹೇಳಬಹುದು. ಬೆಲೆ ಹೇಳಬಾರದು, 'ಊರಿಗೇ ಉತ್ತಮ' ಎನ್ನಬಾರದು, 'ಇಂದೇ ಬನ್ನಿ' ಎಂದು ಕರೆಯಬಾರದು.

ಸರಕಾರದ ಹಣವನ್ನು ಕೇಂದ್ರಗಳಿಗೆ ಹಂಚುತ್ತಿದ್ದ ಸಾರ್ವಜನಿಕ ಪ್ರಸಾರ ನಿಗಮದ ನೆರವಿತ್ತು. ಎರಡು ವರ್ಷಕ್ಕೆಂದು ಮಂಜೂರಾಗಿದ್ದ ಸುಮಾರು 110 ಕೋಟಿ ಡಾಲರನ್ನು ಸಂಸತ್ತು 2025ರ ಜುಲೈಯಲ್ಲಿ ಹಿಂತೆಗೆದುಕೊಂಡಿತು; ಮರುತಿಂಗಳೇ ನಿಗಮ ಬಾಗಿಲು ಮುಚ್ಚುವ ತಯಾರಿ ಸಾರಿತು. ಅನುದಾನ ನಿಂತದ್ದು ಎಲ್ಲರ ಕಣ್ಣಿಗೂ ಬಿತ್ತು. ಸಾರ್ವಜನಿಕ ಕೇಂದ್ರಗಳ ಪರವಾಗಿ ಸಂಗೀತದ ಹಕ್ಕುಗಳಿಗೆ ಚೌಕಾಸಿ ಮಾಡಿ ಹಣ ಕಟ್ಟುತ್ತಿದ್ದುದೂ ಇದೇ ನಿಗಮ. ದಿನವಿಡೀ ಸಂಗೀತ ನುಡಿಸುವ ಕೇಂದ್ರಕ್ಕೆ ಈ ಪೆಟ್ಟೇ ಜೋರು.

ಹಕ್ಕಿನ ಲೆಕ್ಕವೂ ವಿಚಿತ್ರ. ಅಮೆರಿಕದಲ್ಲಿ ಎಫ್.ಎಂ. ಪ್ರಸಾರಕ್ಕೆ ರಾಯಧನ ಸಿಗುವುದು ರಾಗ ಹಾಕಿದವರಿಗೆ, ಬರೆದವರಿಗೆ, ನುಡಿಸಿದವರಿಗಿಲ್ಲ. ಅದೇ ಧ್ವನಿ ಅಂತರ್ಜಾಲದಲ್ಲಿ ಹೋದರೆ ನುಡಿಸಿದವರಿಗೂ ಸಲ್ಲಬೇಕು: ನೂರರಲ್ಲಿ 50 ಧ್ವನಿಮುದ್ರಣದ ಒಡೆಯರಿಗೆ, 45 ಮುಖ್ಯ ಕಲಾವಿದರಿಗೆ, 5 ಪಕ್ಕವಾದ್ಯದವರ ನಿಧಿಗೆ. ಜೊತೆಗೊಂದು ಕಟ್ಟಳೆ. ಮೂರು ಗಂಟೆಯೊಳಗೆ ಒಂದೇ ಆಲ್ಬಮ್ಮಿನ ಮೂರಕ್ಕಿಂತ ಹೆಚ್ಚು ತುಣುಕು ಕೂಡದು, ಅದರಲ್ಲೂ ಒಂದರ ಬೆನ್ನಿಗೊಂದು ಎರಡೇ. ಒಬ್ಬ ಕಲಾವಿದನದು ನಾಲ್ಕು. ಪಾಪ್ ಕೇಂದ್ರಕ್ಕೆ ಇದರ ಬಿಸಿ ತಟ್ಟದು. ಸೆಪ್ಟೆಂಬರ್ 23, ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಹುಟ್ಟಿದ ದಿನ. ಅಂದು ಸಂಜೆಯಿಡೀ ಅವರನ್ನೇ ಕೇಳಿಸಬೇಕೆಂದರೆ ಎಫ್.ಎಂ.ಗೆ ಅಡ್ಡಿಯಿಲ್ಲ, ಅಂತರ್ಜಾಲಕ್ಕೆ ಹಕ್ಕುದಾರರ ಒಪ್ಪಿಗೆ ಮೊದಲೇ ಪಡೆದಿರಬೇಕು.

ಈ ರಾಯಧನ ಹಂಚಲು ನುಡಿಸಿದ್ದೆಲ್ಲದರ ವರದಿ ಬೇರೆ: ಕಲಾವಿದ, ಶೀರ್ಷಿಕೆ, ಆಲ್ಬಮ್, ಕಂಪನಿ. ಕಲಾವಿದ ಎಂಬಲ್ಲಿ ಸಾಮಾನ್ಯವಾಗಿ ಒಂದೇ ಹೆಸರಿಗೆ ಜಾಗ. ನಮ್ಮದೇ ಉದಾಹರಣೆ ತೆಗೆದುಕೊಳ್ಳಿ. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ ಮಾಡಿದ ಮುದ್ರಣವನ್ನು ಇಸಿಎಂ ಕಂಪನಿ 1983ರಲ್ಲಿ ಹೊರತಂದಿತು. ಹಾಡಿದವರು ಆರ್.ಎ. ರಮಾಮಣಿ, ಮೃದಂಗ ಟಿ.ಎ.ಎಸ್. ಮಣಿ. ನಿರೂಪಕ ಬಾಯಿಬಿಟ್ಟು ಹೇಳದಿದ್ದರೆ, ಕೇಳುಗರ ಪರದೆಯ ಮೇಲೆ 'ಚಾರ್ಲಿ ಮಾರಿಯಾನೊ' ಎಂದಷ್ಟೇ ಮೂಡಿ ಮಾಯವಾಗುತ್ತದೆ.