ಮೂರನೆಯ ಸಾಲಿನ ಉದ್ದ

ಶಿವಮೊಗ್ಗದ ಸಹೃದಯರೇ,

ಈಚೆಗೆ ಏನು ಬರೆಯುತ್ತಿದ್ದೀರಿ, ಯಾರನ್ನು ಓದುತ್ತಿದ್ದೀರಿ ಎಂಬ ಎರಡು ಪ್ರಶ್ನೆಗಳನ್ನು ಸಂಘಟಕರು ನನ್ನ ಮುಂದಿಟ್ಟಿದ್ದಾರೆ. ಎರಡಕ್ಕೂ ಬೇರೆ ಬೇರೆ ಉತ್ತರ ಕೊಡುವುದು ನನ್ನಿಂದಾಗದು. ಈಗ ಬರೆಯುತ್ತಿರುವ ಕಾವ್ಯ ಹುಟ್ಟಿದ್ದೇ ಓದಿನಿಂದ, ಅದಕ್ಕಿಂತ ಹೆಚ್ಚಾಗಿ ಕೇಳಿದ್ದರಿಂದ.

ತುಂಗೆಯ ದಡದ ಮತ್ತೂರು, ಹೊಸಹಳ್ಳಿಗಳು ಇಲ್ಲಿಗೆ ಎಷ್ಟು ಹತ್ತಿರವೆಂಬುದು ನಿಮಗೆ ಗೊತ್ತು. ಮತ್ತೂರಿನ ಹೆಸರು ಸಂಸ್ಕೃತದ ಜೊತೆಗೆ ಕೇಳಿಬರುವಷ್ಟು ಹೊಸಹಳ್ಳಿಯ ಹೆಸರು ಕಾವ್ಯವನ್ನು ರಾಗದಲ್ಲಿ ವಾಚಿಸುವ ಗಮಕ ಕಲೆಯ ಜೊತೆಗೆ ಹೊರಗಿನವರಿಗೆ ಕೇಳಿಬರುವುದಿಲ್ಲವೆಂಬುದು ನನ್ನ ಸಣ್ಣದೊಂದು ದೂರು. 2022ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ನಮ್ಮನ್ನಗಲಿದ ಗಮಕಿ ಎಚ್.ಆರ್. ಕೇಶವಮೂರ್ತಿಯವರು ಆ ಊರಿನವರು. ಕುಮಾರವ್ಯಾಸನನ್ನು ಪುಸ್ತಕದಲ್ಲಿ ಕಣ್ಣೋಡಿಸಿ ಓದುವುದಕ್ಕೂ ಗಮಕಿಗಳ ಕಂಠದಲ್ಲಿ ಕೇಳುವುದಕ್ಕೂ ಇರುವ ಅಂತರ ಮುಖ್ಯವಾಗಿ ಅವನು ಬಳಸಿದ ಆರು ಸಾಲಿನ ಭಾಮಿನಿ ಷಟ್ಪದಿಯ ಮೂರನೆಯ ಸಾಲಿನಲ್ಲಿದೆ. ಮೊದಲೆರಡು ಸಾಲುಗಳು ಮೂರು ನಾಲ್ಕರ ನಡೆಯಲ್ಲಿ ಹದಿನಾಲ್ಕು ಮಾತ್ರೆಗೆ ಮುಗಿಯುತ್ತವೆ. ಮೂರನೆಯದು ಅದೇ ನಡೆಯನ್ನು ಹಿಡಿದು, ಮುಗಿಯಬೇಕಾದ ಜಾಗದಲ್ಲಿ ಮುಗಿಯದೆ, ಇನ್ನೊಂದು ಏಳು ಮಾತ್ರೆ ಮುಂದುವರಿದು, ಕೊನೆಗೊಂದು ಗುರುವಿನ ಮೇಲೆ ನಿಲ್ಲುತ್ತದೆ. ಗಮಕಿ ರಾಗವನ್ನು ಹರಡುವುದು ಅಲ್ಲಿ. ಕೇಳುಗ ಮುಂದಿನ ಮಾತಿಗೆ ಕಾಯುವುದೂ ಅಲ್ಲಿಯೇ. ಕರ್ಣನ ಜನ್ಮರಹಸ್ಯವನ್ನು ಕೃಷ್ಣ ಅವನಿಗೆ ತಿಳಿಸುವ ಭಾಗವನ್ನು ನಾನು ಮತ್ತೆ ಮತ್ತೆ ಓದುತ್ತೇನೆ, ಗಟ್ಟಿಯಾಗಿ ಓದುತ್ತೇನೆ. ಅಲ್ಲಿ ಕಥೆಗಿಂತ ಮೊದಲು ಆ ಕಾಯಿಸುವಿಕೆ ನನ್ನನ್ನು ಹಿಡಿಯುತ್ತದೆ. ಹಲಗೆ ಬಳಪ ಹಿಡಿಯದೆ, ಒಮ್ಮೆ ಇಟ್ಟ ಪದವನ್ನು ಅಳಿಸದೆ ಬರೆದೆನೆಂದು ಆ ಮಹಾಕವಿ ಹೇಳಿಕೊಂಡಿದ್ದಾನೆ. ಬರೆದುದಕ್ಕಿಂತ ಹೊಡೆದುಹಾಕಿದ್ದೇ ಹೆಚ್ಚಿರುವ ನನ್ನಂಥವರು ಆ ಮಾತನ್ನು ದೂರದಿಂದಲೇ ನಮಸ್ಕರಿಸಬೇಕು.

ಉಳಿದ ಓದಿನ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಉಡುತಡಿಯ ಅಕ್ಕನ ವಚನಗಳು ಯಾವಾಗಲೂ ಕೈಗೆಟಕುವಲ್ಲಿರುತ್ತವೆ. ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು ನಾನು ಮಳೆಗಾಲದಲ್ಲಿ ಮಾತ್ರ ತೆರೆಯುತ್ತೇನೆ. ಸಾಲಿನ ಕೊನೆಯಲ್ಲಿ ನಿಲ್ಲದೆ ಮುಂದಿನ ಸಾಲಿಗೆ ಹರಿಯುವ ಆ ಮಹಾಛಂದಸ್ಸಿಗೆ ಬಿಡುವಿಲ್ಲದ ಮಳೆಯೇ ಸರಿಯಾದ ಶ್ರುತಿ. ಲಂಕೇಶರ ನೀಲು ಕವಿತೆಗಳು ಇದಕ್ಕೆ ತೀರ ವಿರುದ್ಧ: ಮಾತು ಶುರುವಾಯಿತು ಎನ್ನುವಷ್ಟರಲ್ಲಿ ಮುಗಿದಿರುತ್ತದೆ. ಎಲ್ಲಿ ಬಿಡಬೇಕೆಂಬುದನ್ನು ಅವುಗಳಷ್ಟು ಚೆನ್ನಾಗಿ ಬಲ್ಲ ಪದ್ಯಗಳು ನಮ್ಮಲ್ಲಿ ಕಡಿಮೆ.

ಈಗ ಬರವಣಿಗೆಯ ವಿಷಯ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಸಾಗರ, ಹೊಸನಗರ ಸೀಮೆಯ ಗದ್ದೆ ತೋಟಗಳನ್ನು ಮುಚ್ಚಿತು. ಕರೂರು, ತುಮರಿ ಕಡೆಯ ಜನಕ್ಕೆ ಸಾಗರದ ಪೇಟೆ, ಆಸ್ಪತ್ರೆ, ಕಾಲೇಜು ಎಲ್ಲವೂ ನೀರಿನ ಆಚೆಗಾದವು. ಅಂಬಾರಗೋಡ್ಲು, ಕಳಸವಳ್ಳಿಗಳ ನಡುವಿನ ಲಾಂಚೇ ಅವರ ದಾರಿಯಾಯಿತು. ಈ ಮುಳುಗಡೆಯ ಬಗ್ಗೆ ಕಥೆಗಳು ಬಂದಿವೆ, ಕವಿತೆಗಳೂ ಬಂದಿವೆ; ಹೆಚ್ಚಿನವು ಕಳೆದುಕೊಂಡದ್ದರ ಶೋಕಗೀತೆಗಳು. ನನಗೆ ಬರೆಯಬೇಕೆನಿಸಿದ್ದು ಶೋಕವನ್ನಲ್ಲ, ಕಾಯುವುದನ್ನು: ಕೊನೆಯ ಲಾಂಚು ಸಿಕ್ಕೀತೋ ಇಲ್ಲವೋ ಎಂದು ಗಡಿಯಾರ ನೋಡುವುದನ್ನು, ಬಸುರಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ದಡದಲ್ಲಿ ನಿಲ್ಲುವುದನ್ನು. ಮುಕ್ತಛಂದಸ್ಸಿನಲ್ಲಿ ಬರೆದಾಗ ಅದು ವರದಿಯಾಯಿತು. ಭಾಮಿನಿಯ ಮೂರನೆಯ ಸಾಲು ಆಗ ನೆನಪಾಯಿತು. ಆದಿಪ್ರಾಸವನ್ನು ಬಿಟ್ಟು, ಮಾತ್ರೆಗಳನ್ನು ಉಳಿಸಿಕೊಂಡು ಬರೆಯತೊಡಗಿದೆ:

ನೀರ ಕೆಳಗಿನ ನಮ್ಮ ಗದ್ದೆಯ
ಅಂಚ ಮೇಲಕೆ ಲಾಂಚು ಬಂದಿತು
ದಡದೊಳಕ್ಕಿಯ ಚೀಲ ಹೊತ್ತವರಲ್ಲೆ ನಿಂತಿರಲು

ಇದು ಅರ್ಧ ಷಟ್ಪದಿ. ಪರಿಚಯದ ಗಮಕಿಯೊಬ್ಬರಿಗೆ ಇದನ್ನು ತೋರಿಸಿದಾಗ ಅವರು ಹಾಡಲು ಒಪ್ಪಿದರು; ಪ್ರಾಸ ಬಿಟ್ಟದ್ದಕ್ಕೆ ಮಾತ್ರ ಅವರ ಮುನಿಸು ಇನ್ನೂ ಇಳಿದಿಲ್ಲ. ಹಾಡಿದಾಗ ‘ನಿಂತಿರಲು’ ಎಂಬಲ್ಲಿ ಅವರು ಎಷ್ಟು ಹೊತ್ತು ನಿಂತರೆಂದರೆ, ಪದ್ಯಕ್ಕೆ ನಾನು ಕೊಡಲಾರದ ಅರ್ಥವೊಂದು ಅಲ್ಲಿ ತಾನಾಗಿ ಬಂದು ಸೇರಿತು.

ಕಾವ್ಯ ಅರ್ಧಕ್ಕೆ ಬಂದಿರುವಾಗಲೇ, 2025ರ ಜುಲೈಯಲ್ಲಿ, ಆ ಲಾಂಚಿನ ದಾರಿಯಲ್ಲೇ ಕಟ್ಟಿದ ಸಿಗಂದೂರಿನ ಸೇತುವೆ ಸಂಚಾರಕ್ಕೆ ತೆರೆಯಿತು. ಆ ಕಡೆಯ ಜನ ದಶಕಗಳಿಂದ ಕೇಳುತ್ತಿದ್ದ ಸೇತುವೆ ಅದು. ಲಾಂಚಿನ ಕಾಲವೇ ಚೆನ್ನಾಗಿತ್ತೆಂದು ದೂರದಲ್ಲಿ ಕುಳಿತು ಹಂಬಲಿಸುವುದು ಕವಿಗೆ ಸುಲಭ, ಆದರೆ ಅದು ಅಪ್ರಾಮಾಣಿಕ. ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಆ ಸೇತುವೆಯನ್ನು ವಾಹನಗಳು ಈಗ ಕೆಲವೇ ನಿಮಿಷಗಳಲ್ಲಿ ದಾಟುತ್ತವೆ. ಆದ್ದರಿಂದ ಕಾವ್ಯದ ಎರಡನೆಯ ಭಾಗದಲ್ಲಿ ನಾನು ಉದ್ದದ ಸಾಲನ್ನು ತೆಗೆದುಹಾಕಿ, ಹದಿನಾಲ್ಕು ಮಾತ್ರೆಯ ಸಾಲುಗಳನ್ನಷ್ಟೇ ಇಟ್ಟು ನೋಡುತ್ತಿದ್ದೇನೆ. ಹಾಗೆ ಬರೆದ ಭಾಗವನ್ನು ಹಾಡಲು ಬರುವುದಿಲ್ಲ, ಉಸಿರು ನಿಲ್ಲಿಸಲು ಜಾಗವಿಲ್ಲ ಎಂದು ಅದೇ ಗಮಕಿಗಳು ಆಕ್ಷೇಪಿಸಿದ್ದಾರೆ. ಅವರ ಮಾತು ಸರಿ. ಆದರೂ ಸದ್ಯಕ್ಕೆ ಅದನ್ನು ಹಾಗೆಯೇ ಬಿಟ್ಟಿದ್ದೇನೆ.