ಮೇಜಿನ ಆಚೆ ಬದಿಯ ಕುರ್ಚಿ

ಕೇಳುಗರೇ, ನಮಸ್ಕಾರ.

"ಯಾಕಮ್ಮಾ ಇಷ್ಟು ತಡವಾಗಿ ಬಂದೆ? ಮಾತ್ರೆ ಬಿಡಬೇಡ ಅಂತ ಹೇಳಿರಲಿಲ್ವಾ?" ಈ ಮಾತು ನಮ್ಮ ಆಸ್ಪತ್ರೆಗಳಲ್ಲಿ ದಿನಾ ಕೇಳಿಬರುತ್ತದೆ. ಹೇಳುವ ಡಾಕ್ಟರು ಕೆಟ್ಟವರೇನಲ್ಲ. ಹೊರಗೆ ದೊಡ್ಡ ಸಾಲು ಕಾಯುತ್ತಿರುತ್ತದೆ. ಆದರೆ ಆಸ್ಪತ್ರೆಗೆ ಬರಬೇಕೆಂದರೆ ಆಕೆ ಒಂದು ದಿನದ ಕೂಲಿ ಬಿಡಬೇಕು, ಮಗುವನ್ನು ಯಾರಿಗಾದರೂ ಒಪ್ಪಿಸಬೇಕು, ಮಾತ್ರೆಗೆ ಕಾಸು ಹೊಂದಿಸಬೇಕು. ಇದ್ಯಾವುದೂ ಕೇಸ್ ಶೀಟಿನಲ್ಲಿ ಬರುವುದಿಲ್ಲ. ಯಾರಿಗೆ ಕಾಯಿಲೆ ಜಾಸ್ತಿ, ಯಾರು ಬೇಗ ಗುಣವಾಗುತ್ತಾರೆ ಅನ್ನುವುದರಲ್ಲಿ ದುಡ್ಡು, ಜಾತಿ, ಊರು, ಮೈಬಣ್ಣ ಎಲ್ಲದರ ಪಾಲೂ ಇದೆ. ಡಾಕ್ಟರು, ನರ್ಸು ಆಗಲು ಹೊರಟವರಿಗೆ ಇದನ್ನು ಮನಮುಟ್ಟುವಂತೆ ಕಲಿಸುವುದು ಹೇಗೆ?

ಅಮೆರಿಕದಲ್ಲಿ ಕೆಲವು ಕಡೆ ಇದಕ್ಕೆ ವರ್ಚುವಲ್ ರಿಯಾಲಿಟಿ, ಅಂದರೆ ವಿಆರ್, ಬಳಸುತ್ತಿದ್ದಾರೆ. ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡರೆ ಸಾಕು, ಸುತ್ತಲೂ ಬೇರೆಯದೇ ಜಾಗ. ನೀವು ತಲೆ ತಿರುಗಿಸಿದ ಕಡೆಗೆ ನೋಟವೂ ತಿರುಗುತ್ತದೆ.

ಅಲ್ಲಿ ಇದರ ಅಗತ್ಯ ಎಷ್ಟಿದೆ ಅಂತ ಕೇಳಿ. 2021ರಲ್ಲಿ ಒಂದು ಲಕ್ಷ ಹೆರಿಗೆಗಳಿಗೆ ಬಿಳಿಯ ತಾಯಂದಿರಲ್ಲಿ ಸುಮಾರು 27 ಸಾವು, ಕಪ್ಪುವರ್ಣೀಯ ತಾಯಂದಿರಲ್ಲಿ ಸುಮಾರು 70. 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಅಧ್ಯಯನವೊಂದು ಬಿಳಿಯ ವೈದ್ಯ ವಿದ್ಯಾರ್ಥಿಗಳನ್ನೂ ಕಿರಿಯ ವೈದ್ಯರನ್ನೂ ಮಾತಾಡಿಸಿತು. 'ಕಪ್ಪು ಜನರ ಚರ್ಮ ದಪ್ಪ' ಎಂಬಂಥ ಸುಳ್ಳು ನಂಬಿಕೆಗಳಲ್ಲಿ ಒಂದಾದರೂ ಅವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಇತ್ತು. ಹಾಗೆ ನಂಬಿದವರು ಕಪ್ಪುವರ್ಣೀಯ ರೋಗಿಯ ನೋವನ್ನು ಕಡಿಮೆ ಅಂದಾಜು ಮಾಡಿದರು. ಓದು ಬಂದವರ ಕಥೆಯೇ ಹೀಗೆ ಅಂದರೆ ಎದೆ ಝಲ್ಲೆನ್ನುತ್ತದೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನೆ ಕಳೆದುಕೊಂಡವರ ಬದುಕನ್ನು ವಿಆರ್‌ನಲ್ಲಿ ಕಟ್ಟಿದರು. ಕೆಲಸ ಹೋಗಿದೆ, ಬಾಡಿಗೆ ಕಟ್ಟಬೇಕು. ಮನೆಯ ಯಾವ ಸಾಮಾನು ಮಾರುತ್ತೀರಿ? ನೀವೇ ಆರಿಸಬೇಕು. ಆಮೇಲೆ ಕಾರಿನಲ್ಲೇ ವಾಸ. ಕೊನೆಗೆ ರಾತ್ರಿ ಬಸ್ಸಿನಲ್ಲಿ ಬ್ಯಾಗು ಕಾಯುತ್ತಾ ಕೂರಬೇಕು. 2018ರಲ್ಲಿ ಇದರ ಫಲಿತಾಂಶ ಪ್ರಕಟವಾಯಿತು. ಕೈಗೆಟಕುವ ಬೆಲೆಯ ಮನೆಗಳು ಬೇಕು ಎಂಬ ಮನವಿಗೆ, ವಿಆರ್ ನೋಡಿದವರಲ್ಲಿ ನೂರಕ್ಕೆ 82 ಜನ ಸಹಿ ಹಾಕಿದರು. ಅದೇ ಕಥೆಯನ್ನು ಓದಿದವರಲ್ಲಿ 67. ನನ್ನ ಗಮನ ಸೆಳೆದದ್ದು ಆ 67. ಬರೀ ಓದಿಯೇ ಅಷ್ಟು ಜನ ಸಹಿ ಹಾಕಿದ್ದಾರೆ! ಯಂತ್ರ ಸ್ವಲ್ಪ ಜಾಸ್ತಿ ಮಾಡಿದೆ, ನಿಜ. ಆದರೆ ಮೊದಲು ಬೇಕಾದದ್ದು ಒಳ್ಳೆಯ ಕಥೆ.

ಇಲ್ಲೊಂದು ಅಪಾಯವೂ ಇದೆ. 2015ರ ಅಧ್ಯಯನವೊಂದರಲ್ಲಿ ಕಣ್ಣು ಕಾಣುವವರ ಕಣ್ಣಿಗೆ ಬಟ್ಟೆ ಕಟ್ಟಿ ಓಡಾಡಿಸಿದರು. ಅಂಧರ ಬಗ್ಗೆ ಅವರ ಗೌರವ ಹೆಚ್ಚಬೇಕಿತ್ತಲ್ವಾ? ಹಾಗಾಗಲಿಲ್ಲ. ಅಂಧರಿಗೆ ಕೆಲಸ ಮಾಡಲು, ಸ್ವತಂತ್ರವಾಗಿ ಬದುಕಲು ಅಷ್ಟು ಸಾಧ್ಯವಾಗಲಿಕ್ಕಿಲ್ಲ ಅಂತ ಅವರಿಗೆ ಅನ್ನಿಸಿತು. ಯಾಕೆಂದರೆ ಅವರಿಗೆ ಸಿಕ್ಕಿದ್ದು ಕಣ್ಣು ಹೋದ ಮೊದಲ ಗಳಿಗೆಯ ಗಾಬರಿ ಮಾತ್ರ. ಕೋಲು ಹಿಡಿದು ವರ್ಷಗಟ್ಟಲೆ ನಡೆದು ಪಳಗಿದವರ ಜಾಣ್ಮೆ ಅವರಿಗೆ ಕಾಣಲೇ ಇಲ್ಲ. ಬಡತನದ ವಿಷಯದಲ್ಲೂ ಹೀಗಾಗಬಹುದು. ಹತ್ತು ನಿಮಿಷ ಬಡವರಾಗಿ ಎದ್ದ ವಿದ್ಯಾರ್ಥಿ "ಅಯ್ಯೋ ಪಾಪ" ಅಂದುಕೊಂಡು ಹೋದರೆ ರೋಗಿಗೆ ಏನು ಬಂತು?

ಹಾಗಾಗಿ ವಿದ್ಯಾರ್ಥಿಗೆ ರೋಗಿಯ ದೇಹ ತೊಡಿಸುವುದಕ್ಕಿಂತ, ರೋಗಿಯ ಎದುರು ಕೂತಿರುವ ನಮ್ಮಂಥವರನ್ನು ತೋರಿಸುವುದು ಮುಖ್ಯ ಅಂತ ನನಗೆ ಅನ್ನಿಸುತ್ತದೆ. ಯಾದಗಿರಿಯ ಹಳ್ಳಿಯೊಂದರ ಬಾಣಂತಿ ಅಂದುಕೊಳ್ಳಿ. ವಿದ್ಯಾರ್ಥಿ ಅವಳ ಕುರ್ಚಿಯಲ್ಲಿ ಕೂತಿದ್ದಾನೆ. ಚೀಟಿ ಕೌಂಟರಿನವರು ಮುಖ ಎತ್ತುವುದಿಲ್ಲ. ಒಬ್ಬರು ಸ್ಕ್ಯಾನಿಂಗಿಗೆ ಕಳಿಸುತ್ತಾರೆ, ಇನ್ನೊಬ್ಬರು ನಾಳೆ ಬಾ ಅನ್ನುತ್ತಾರೆ. ಡಾಕ್ಟರು ಅರ್ಥವಾಗದ ಮಾತಾಡುತ್ತಾರೆ, ಕಣ್ಣು ಕಂಪ್ಯೂಟರಿನ ಮೇಲೆ. ಕೊನೆಯ ಬಸ್ಸಿನ ಹೊತ್ತಾಗುತ್ತಿದೆ. ಆಗ ಬರುತ್ತದೆ ಆ ಪ್ರಶ್ನೆ, "ಯಾಕಮ್ಮಾ ಇಷ್ಟು ತಡ?" ಅದೇ ಪ್ರಶ್ನೆಯನ್ನು ಅವನು ಈ ಕಡೆಯಿಂದ ಕೇಳಿಸಿಕೊಳ್ಳಲಿ.

ಈ ಕಥೆಯನ್ನು ಕಾಲೇಜಿನ ಕೋಣೆಯಲ್ಲಿ ಕೂತು ಬರೆಯುವಂತಿಲ್ಲ. ಅಂಥ ತಾಯಂದಿರು, ಆಶಾ ಕಾರ್ಯಕರ್ತೆಯರು ಹೇಳಬೇಕು, ತಪ್ಪಿದ್ದಲ್ಲಿ ತಿದ್ದಬೇಕು. ನಮ್ಮಲ್ಲಿ ಎಂಬಿಬಿಎಸ್ ಓದುವವರಿಗೆ ಈಗ ಕುಟುಂಬ ದತ್ತು ಕಾರ್ಯಕ್ರಮವಿದೆ. ಹಳ್ಳಿಯ ಮನೆಗಳಿಗೆ ಹೋಗಿ ಬರುತ್ತಾರೆ. ಹೋಗುವ ಮೊದಲು ವಿಆರ್ ನೋಡಿದರೆ, ಬಿಪಿ ಎಷ್ಟು ಅನ್ನುವುದರ ಜೊತೆಗೆ, ಆಸ್ಪತ್ರೆಗೆ ಹೋದಾಗ ಏನಾಯಿತು ಅಂತಲೂ ಕೇಳುತ್ತಾರೆ. ಹೆಡ್‌ಸೆಟ್ ಹಾಕಿದರೆ ಕೆಲವರಿಗೆ ತಲೆಸುತ್ತು ಬರುತ್ತದೆ. ಅವರಿಗೆ ಸಾಮಾನ್ಯ ಪರದೆಯಲ್ಲೇ ತೋರಿಸಬಹುದು.

ಹೆಡ್‌ಸೆಟ್ ತೆಗೆದ ಮೇಲಿನ ಒಂದು ಗಂಟೆಯನ್ನು ಮಾತ್ರ ಯಾರೂ ಕಡಿತ ಮಾಡಬಾರದು. ಮೇಷ್ಟ್ರು, ವಿದ್ಯಾರ್ಥಿಗಳು ಕೂತು ಮಾತಾಡಬೇಕು. ನಾಳೆಯಿಂದ ನಮ್ಮ ಓಪಿಡಿಯಲ್ಲಿ ಏನನ್ನು ಬದಲಿಸಬಹುದು ಅಂತ ಬರೆದಿಡಬೇಕು. ಕಥೆ ಹೇಳಿದ ತಾಯಿಯನ್ನೂ ಆ ಕೋಣೆಗೆ ಕರೆಯಬೇಕು, ಅವಳು ಮೊದಲು ಮಾತಾಡಬೇಕು. ಅವಳ ಬಸ್ ಚಾರ್ಜನ್ನೂ ಆ ದಿನದ ಕೂಲಿಯನ್ನೂ ಕಾಲೇಜೇ ಕೊಡಬೇಕು.